ಅರಿಶಿನ-ಕುಂಕುಮದ ಹೊಲ

ಕೊಡತಿಯ ಏಟಿಗೆ ಸಿಡಿದ ಬೀಜವೊಂದು ಮೊಣಕಾಲಿಗೆ ಬಂದು ಬಡಿದಾಗಲೇ ರಾಜಲಕ್ಷ್ಮಮ್ಮನಿಗೆ ತಾನು ಬಹಳ ಹೊತ್ತಿನಿಂದ ಒಂದೇ ಹುಣಸೆಹಣ್ಣನ್ನು ಹಿಡಿದು ಕುಳಿತಿದ್ದೇನೆಂಬುದು ಗೊತ್ತಾದದ್ದು. ಹಣ್ಣು ಬೆರಳುಗಳ ನಡುವೆ ಬೆಚ್ಚಗಾಗಿ ಅಂಟಿಕೊಂಡಿತ್ತು. ಎದುರಿಗೆ ಗಂಡನ ಅಕ್ಕ ಕೆಂಚಮ್ಮ ಕಾಲು ಚಾಚಿ ಕುಳಿತು, ಕಲ್ಲಿನ ಮೇಲೆ ಹಣ್ಣಿಟ್ಟು ಕುಟ್ಟಿ, ಬೀಜವನ್ನು ಒಂದು ಕಡೆಗೂ ನಾರನ್ನು ಇನ್ನೊಂದು ಕಡೆಗೂ ತಳ್ಳುತ್ತಿದ್ದಳು. ಅವಳ ಕೈಗೊಂದು ತಾಳವಿತ್ತು. ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಇದೇ ಅಂಗಳದಲ್ಲಿ, ಇದೇ ಕಲ್ಲಿನ ಮೇಲೆ ಕುಟ್ಟುತ್ತ ಬಂದಿದ್ದಾಳೆ. ರಾಜಲಕ್ಷ್ಮಮ್ಮ ಈ ಮನೆಗೆ ಸೊಸೆಯಾಗಿ ಕಾಲಿಟ್ಟ ದಿನವೂ ಒಳಗಿನಿಂದ ಮೊದಲು ಕೇಳಿಸಿದ್ದು ಈ ಸದ್ದೇ.

"ಕೈ ಆಡ್ಸು ರಾಜಿ. ನೀನು ದಿಟ್ಟಿಸ್ತಾ ಕುಂತ್ರೆ ಹಣ್ಣು ನಾಚ್ಕೊಂಡು ಬೀಜ ಬುಡಲ್ಲ," ಎಂದಳು ಕೆಂಚಮ್ಮ.

ಜಗಲಿಯ ಮೇಲೆ ಸಿದ್ದಗಂಗಯ್ಯ ಕನ್ನಡಕ ಏರಿಸಿಕೊಂಡು ವಕೀಲರು ಬರೆಸಿಕೊಟ್ಟ ದಾನಪತ್ರದ ಕರಡನ್ನು ಓದುತ್ತಿದ್ದ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದವನಿಗೆ ಯಾವ ಕಾಗದವನ್ನೂ ಗಟ್ಟಿಯಾಗಿ ಓದುವ ಅಭ್ಯಾಸ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಅಡವಯ್ಯನ ಹೊಲ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಗುಡ್ಡ. ಈ ಚಕ್ಕುಬಂದಿಯೊಳಗಿನ ಜಮೀನನ್ನು ನಿಧಿ, ನಿಕ್ಷೇಪ, ಜಲ, ತರು ಸಮೇತ ಕೆಂಚಮ್ಮನವರಿಗೆ ನನ್ನ ಸ್ವಂತ ಇಚ್ಛೆಯಿಂದ ಕೊಟ್ಟಿರುತ್ತೇನೆ.

"ನಿಧಿ ಅಂದ್ರೆ ಬಂಗಾರ ಏನ್ಲಾ ಸಿದ್ದ?"

"ಹೂಂ."

"ಇನ್ನೊಂದು ಏನೋ ಅಂದ್ಯಲ್ಲ?"

"ನಿಕ್ಷೇಪ. ಭೂಮಿ ಒಳಗೆ ಏನು ಹೂತಿದ್ರೂ ನಿನ್ನದೇ ಅಂತ."

"ಅಯ್ ನನ್ನಪ್ಪನೇ," ಎಂದು ಕೆಂಚಮ್ಮ ನಕ್ಕಳು. "ಕೊಪ್ಪರಿಗೆ ಸಿಕ್ರೆ ನಿಮ್ಗೂ ಒಂದೊಂದು ಹಿಡಿ ಕೊಡ್ತೀನಿ ಬುಡ್ರಿ."

ಸಿದ್ದಗಂಗಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅವನು ಕೆಟ್ಟವನಲ್ಲವೆಂದು ರಾಜಲಕ್ಷ್ಮಮ್ಮನಿಗೆ ಗೊತ್ತು. ಅಕ್ಕನಿಗೆ ಚಳಿಗಾಲಕ್ಕೆ ಹೊಸ ಕಂಬಳಿ ತರುವುದನ್ನು ಅವನು ಮರೆತದ್ದಿಲ್ಲ. ಹೆದರಿಕೆ ಅವನನ್ನು ಒಳಗೊಳಗೇ ತಿನ್ನುತ್ತಿದೆ, ಅಷ್ಟೇ. "ನಾಳೆ ಮೊದಲ್ನೇ ಬಸ್ಸಿಗೇ ಮಧುಗಿರಿಗೆ ಹೊರಡ್ಬೇಕು. ಸಬ್‌ರಿಜಿಸ್ಟ್ರಾರ್ ಮುಂದೆ ನೀನು ಸೈನು ಹಾಕು, ಅಕ್ಕ ಹೆಬ್ಬೆಟ್ಟು ಒತ್ತಲಿ. ಮುಗೀತು," ಎಂದು ಹೆಂಡತಿಗೆ ಹೇಳಿದ; ಆಮೇಲೆ ಜಗಲಿಯಿಂದ ಇಳಿದು ಬಂದು, ಕುಟ್ಟುವ ಸದ್ದಿನ ನಡುವೆ ಅಕ್ಕನಿಗೆ ಕೇಳದಂತೆ ದನಿ ತಗ್ಗಿಸಿ, "ಅವಳ ಹತ್ರ ಏನಿದೆ ಕಿತ್ಕೊಳ್ಳೋಕೆ? ಏನೂ ಇಲ್ದೋಳ ಮೇಲೆ ಸರ್ಕಾರ ಏನು ಮಾಡುತ್ತೆ? ನೋಡಿ ನೋಡಿ ಬಿಟ್ಟುಬಿಡುತ್ತೆ," ಎಂದ. ವಕೀಲರ ಮಾತನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದ.

ಆ ಹೊಲ ರಾಜಲಕ್ಷ್ಮಮ್ಮನದು. ಮದುವೆಯಲ್ಲಿ ಅವಳಪ್ಪ ಚಿಕ್ಕರಂಗಯ್ಯ ಮಗಳ ಅರಿಶಿನ-ಕುಂಕುಮಕ್ಕೆಂದು ಬರೆದುಕೊಟ್ಟದ್ದು. ಅವಳದು ಎಂದರೂ ಅದು ಕಾಗದದ ಮೇಲಿನ ಮಾತು. ಉತ್ತವನು, ಬಿತ್ತಿದವನು, ಕಡಲೆಕಾಯಿ ಕಿತ್ತವನು ಸಿದ್ದಗಂಗಯ್ಯ. ಆಮೇಲೊಂದು ವರ್ಷ ಎಲ್ಲಿಯದೋ ಊರಿನ ಸಾಹುಕಾರನೊಬ್ಬ ತೊಗಲು ಹದ ಮಾಡುವ ಫ್ಯಾಕ್ಟರಿಗೆ ಜಾಗ ಹುಡುಕಿಕೊಂಡು ಬಂದಾಗ ಗುತ್ತಿಗೆಗೆ ಕೊಟ್ಟವನೂ ಅವನೇ. ಅವಳನ್ನು ಕೇಳಿರಲಿಲ್ಲ, ಅವಳಿಗೂ ಕೇಳಬೇಕಿತ್ತೆಂದು ಅನ್ನಿಸಿರಲಿಲ್ಲ. ಲಾರಿಗಳಲ್ಲಿ ಉಪ್ಪು ಸವರಿದ ಹಸಿ ತೊಗಲು ಬರುತ್ತಿತ್ತು, ಉಪ್ಪು ಕೊಡವುತ್ತಿದ್ದರು, ತೊಟ್ಟಿಗಳಲ್ಲಿ ಸುಣ್ಣ, ಬಣ್ಣದ ನೀರು, ಇನ್ನೂ ಏನೇನೋ ಹುಡಿ. ಊರಿನ ಹುಡುಗರಿಗೆ ಕೆಲಸ ಸಿಕ್ಕಿತು. ಸಿದ್ದಗಂಗಯ್ಯನನ್ನು ಜನ ನಿಂತು ಮಾತಾಡಿಸುತ್ತಿದ್ದರು. ಗಾಳಿ ಈ ಕಡೆ ತಿರುಗಿದಾಗ ಮಾತ್ರ ರಾಜಲಕ್ಷ್ಮಮ್ಮ ಅನ್ನದ ತಪ್ಪಲೆಗೆ ತಟ್ಟೆ ಮುಚ್ಚುತ್ತಿದ್ದಳು. ಒಂದು ದಿನ ಶೆಡ್ಡಿಗೆ ಬೀಗ ಬಿತ್ತು. ಸಾಹುಕಾರ ತಗಡನ್ನೂ ಬಿಚ್ಚಿಕೊಂಡು ಹೋದ. ಉಳಿದದ್ದು ತೊಟ್ಟಿಗಳ ಗುಂಡಿ, ಬಿಳಿಚಿಕೊಂಡ ನೆಲ, ಮತ್ತು ಪಹಣಿಯಲ್ಲಿ ಅವಳ ಹೆಸರು.

ಎಲ್ಲ ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಅವಳೇ ನಿಲ್ಲಿಸಲಿಲ್ಲ. ಸತ್ತ ನೆಲ ಮಂದೆ ತರುಬಿಸಿದರೆ ಏಳುತ್ತದೆ ಎಂದು ಅವಳಪ್ಪ ಹೇಳುತ್ತಿದ್ದ. ಅವಳ ತವರಿನ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಕುರಿಯವರು ಮಂದೆಯನ್ನು ರಾತ್ರಿ ಕೂಡಿಹಾಕುವರು, ಬೆಳಿಗ್ಗೆ ನೆಲ ಹಿಕ್ಕೆಯಿಂದ ಕಪ್ಪಗೆ ಬೆಚ್ಚಗೆ ಇರುವುದು, ಬದಲಿಗೆ ಅಪ್ಪ ರಾಗಿ ಅಳೆದು ಕೊಡುವನು. ಹಾಗಾಗಿ ಹೋದ ವರ್ಷ, ಜಿಲ್ಲಾ ಪರಿಷತ್ ಚುನಾವಣೆಯ ಗದ್ದಲ ಮುಗಿದ ಮೇಲೆ, ಗಂಡನಿಗೂ ಹೇಳದೆ ಅವಳು ಕುರಿಯ ಯತ್ತಪ್ಪನನ್ನು ಕರೆದು, "ನಮ್ಮ ಆ ಹೊಲದಾಗೆ ಮಂದೆ ತರುಬು ಯತ್ತಪ್ಪ, ರಾಗಿ ಕೊಡ್ತೀನಿ," ಎಂದಿದ್ದಳು. ತನ್ನ ಹೊಲದ ಬಗ್ಗೆ ಅವಳು ಸ್ವತಃ ತೆಗೆದುಕೊಂಡ ಮೊದಲ ತೀರ್ಮಾನ ಅದು. ಯತ್ತಪ್ಪ ನೆಲ ನೋಡಿ ಹಿಗ್ಗಿದ್ದ. ಕುರಿಗೆ ಉಪ್ಪಿನ ಆಸೆ. ಚೌಳು ಮಣ್ಣು ಸಿಕ್ಕಿದಲ್ಲಿ ಕುರಿಯವರು ಮಂದೆಯನ್ನು ಬೇಕೆಂದೇ ನೆಕ್ಕಲು ಬಿಡುತ್ತಾರೆ. ಇಲ್ಲಿ ಇಡೀ ಹೊಲವೇ ಉಪ್ಪು. ಬೆಳಿಗ್ಗೆ ಯತ್ತಪ್ಪನ ಹೆಂಡತಿ ಈರಕ್ಕ ಬಾಗಿಲಿಗೆ ಬಂದಾಗ ರಾಜಲಕ್ಷ್ಮಮ್ಮ ರಾಗಿ ಕೇಳಲು ಬಂದಳೆಂದು ಮೊರ ತೆಗೆದುಕೊಂಡೇ ಹೊರಗೆ ಹೋದಳು. ಈರಕ್ಕ ಕೂಗಾಡಲಿಲ್ಲ. "ಉಪ್ಪು ಅಂತ ನೆಕ್ಕುದ್ವು ಕಣಮ್ಮ, ಸತ್ವು," ಎಂದಳು, ಅಷ್ಟೇ. ಮೊರದಲ್ಲಿದ್ದ ರಾಗಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ರಾಜಲಕ್ಷ್ಮಮ್ಮ ಹಾಗೇ ನಿಂತಿದ್ದಳು. ಇವತ್ತಿಗೂ ಮೊರ ಕೈಗೆತ್ತಿಕೊಂಡರೆ ತೋಳು ಭಾರವಾಗುತ್ತದೆ.

"ರಾಜಲಕ್ಷ್ಮಮ್ಮ ಕೋಂ ಸಿದ್ದಗಂಗಯ್ಯ" ಎಂದು, ಕುರಿ ಸತ್ತ ಮೇಲೆ ನಡೆದ ಕೇಸಿನ ದಿನ, ಕೋರ್ಟಿನ ಜವಾನ ವರಾಂಡದಲ್ಲಿ ನಿಂತು ಕೂಗಿದಾಗ ಅವಳಿಗೆ ಅದು ಯಾರ ಹೆಸರೋ ಎನ್ನಿಸಿತ್ತು. ಮತ್ತೆ ಕೂಗಿದ. ಮಧುಗಿರಿಯ ಬಂಡೆಗೆ ತಗುಲಿ ಹಿಂದಕ್ಕೆ ಬಂದಿತೇನೋ ಎನ್ನುವಂತೆ ಆ ಹೆಸರು ಅವಳ ಬೆನ್ನಿನ ಕಡೆಯಿಂದ ಕೇಳಿಸಿತು. ತವರಿನಲ್ಲಿ ಮುದ್ದಿಗೆ ಪಾಪಿ, ಇಲ್ಲಿ ರಾಜಿ, ಊರಿನವರಿಗೆ ಗುಮಾಸ್ತರ ಮನೆಯವರು. ಇಡಿಯ ಹೆಸರನ್ನು, ಒಂದಕ್ಷರವೂ ಬಿಡದೆ, ಹಗಲಿನಲ್ಲಿ, ಅಷ್ಟು ಜನ ಗಂಡಸರ ನಡುವೆ ಯಾರೂ ಕೂಗಿರಲಿಲ್ಲ. ಅವಳಿಗೆ ಹೆದರಿಕೆಯಾಗಲಿಲ್ಲ, ದೊಡ್ಡ ಕೆರೆಯ ಏರಿಯ ಮೇಲೆ ಮೊದಲ ಸಲ ನಿಂತವಳ ಹಾಗೆ ಉಸಿರು ಹಿಡಿದಂತಾಯಿತು. ಅಪ್ಪನ ಜೊತೆ ಒಮ್ಮೆ ಮದಲೂರು ಕೆರೆ ತುಂಬಿದ್ದನ್ನು ನೋಡಲು ಹೋಗಿದ್ದಾಗ ಹಾಗೆ ಆಗಿತ್ತು.

ಒಳಗೆ ಮ್ಯಾಜಿಸ್ಟ್ರೇಟರು, ಇನ್ನೂ ಎಳೆ ವಯಸ್ಸಿನವರು, ಹೊಲ ಯಾರದೆಂದು ಕೇಳಿದರು. ಸಿದ್ದಗಂಗಯ್ಯ ಕೈ ಮುಗಿದು, "ನಮ್ಮದೇ ಸ್ವಾಮಿ," ಎಂದ. "ನಿಮ್ಮ ಹೆಸರು ರಾಜಲಕ್ಷ್ಮಮ್ಮನಾ?" ಎಂದರು ಅವರು. ಬೆಂಚಿನಲ್ಲಿದ್ದವರು ನಕ್ಕರು. ಗಂಡನ ಕತ್ತು ಕಿವಿಯವರೆಗೆ ಕೆಂಪಾದದ್ದನ್ನು ಹಿಂದಿನಿಂದ ನೋಡಿ ಅವಳಿಗೂ ನಾಚಿಕೆಯಾಯಿತು, ತಾನೇ ಅವನನ್ನು ನಗೆಪಾಟಲು ಮಾಡಿದಂತೆ. ವಕೀಲರು ಎದ್ದು, "ಆಕೆಗೆ ಏನೂ ತಿಳಿಯದು ಸ್ವಾಮಿ, ಹೆಣ್ಣುಮಗಳು. ವಿಷ ಸುರಿದವನು ಫ್ಯಾಕ್ಟರಿಯ ಸಾಹುಕಾರ," ಎಂದರು. ಮ್ಯಾಜಿಸ್ಟ್ರೇಟರು ಹೇಳಿದ್ದನ್ನು ಅವಳು ಮನೆಗೆ ಬಂದಮೇಲೆ ರೊಟ್ಟಿ ತಟ್ಟುವಾಗ, ಕಸ ಗುಡಿಸುವಾಗ ಮತ್ತೆ ಮತ್ತೆ ಕೇಳಿಸಿಕೊಂಡಿದ್ದಾಳೆ. ಸುರಿದವನನ್ನು ಹುಡುಕಿಸುತ್ತೇನೆ, ಸಿಕ್ಕಿದರೆ ಖರ್ಚನ್ನು ಅವನಿಂದ ವಸೂಲು ಮಾಡಲು ನೀವು ದಾವೆ ಹಾಕಬಹುದು. ಆದರೆ ಅವನು ಸಿಗುವವರೆಗೆ ಕುರಿಗಳು ಕಾಯುತ್ತವೆಯೆ? ಬಾವಿ ನೀರು ಕಾಯುತ್ತದೆಯೆ? ಇವತ್ತು ಆ ನೆಲ ಯಾರ ಕೈಯಲ್ಲಿದೆಯೋ ಅವರು ಮೊದಲು ಆ ಮಣ್ಣನ್ನು ತೆಗೆಸಬೇಕು, ಯಾರಿಗೂ ತೊಂದರೆಯಾಗದ ಕಡೆ ಕಲ್ಲು ಕಟ್ಟಿಸಿ ಮುಚ್ಚಿಸಬೇಕು. ಆಮೇಲೆ ಅವರು ಅವಳ ಕಡೆ ತಿರುಗಿ, ಗದರದೆ, "ತಿಳಿಯದಿದ್ದರೂ ಹೊಲ ನಿಮ್ಮದೇ ಅಲ್ಲವೇನಮ್ಮ?" ಎಂದರು. ಅವಳು ಬಾಯಿ ತೆರೆಯುವ ಮೊದಲೇ ವಕೀಲರು, "ವಾಯಿದೆ ಬೇಕು ಸ್ವಾಮಿ," ಎಂದುಬಿಟ್ಟರು. ಹೌದು ಎಂಬ ಆ ಒಂದು ಮಾತು ಅಂದಿನಿಂದ ಹೇಳದೆಯೇ ಉಳಿದಿದೆ.

ಹಣ್ಣಿನ ರಾಶಿ ಕರಗಿತು. ಸಿದ್ದಗಂಗಯ್ಯ ಸೊಸೈಟಿಗೆ ಹೊರಟ. ಬಚ್ಚಲ ಒಲೆಗೆ ಪುಳ್ಳೆ ತರುತ್ತೇನೆಂದು ಹೇಳಿ ರಾಜಲಕ್ಷ್ಮಮ್ಮ ಬಂಡಿದಾರಿ ಹಿಡಿದಳು. ದಾರಿಯುದ್ದಕ್ಕೂ ಪುಳ್ಳೆ ಬಿದ್ದಿತ್ತು, ಅವಳು ಬಗ್ಗಲಿಲ್ಲ. ದೂರದಲ್ಲಿ ಮಿಡಿಗೇಶಿ ಬೆಟ್ಟ ಬಿಸಿಲಿಗೆ ಅಲುಗಾಡುತ್ತಿತ್ತು.

ಹೊಲ ಕಂಡಾಗ ಕಾಲು ತಾನಾಗಿ ನಿಂತಿತು. ಅದು ಇಷ್ಟು ಚೆಂದವಿರುತ್ತದೆಂದು ಅವಳು ಎಣಿಸಿರಲಿಲ್ಲ. ಸುತ್ತ ಎಲ್ಲ ಕೆಂಪು ನೆಲ, ಒಣ ಹುಲ್ಲು. ನಡುವೆ ಇದೊಂದೇ ಬೆಳ್ಳಗೆ, ಹಾಲು ಚೆಲ್ಲಿ ಒಣಗಿಸಿದಂತೆ, ಕಣ್ಣು ಬಿಡಲಾಗದ ಹಾಗೆ ಹೊಳೆಯುತ್ತಿತ್ತು. ಒಂದು ಇರುವೆ ಇಲ್ಲ. ಒಂದು ಗರಿಕೆ ಇಲ್ಲ. ಗಾಳಿಗೂ ಅಲ್ಲಿ ಆಡಲು ಏನೂ ಇಲ್ಲದೆ ಅದು ಸದ್ದಿಲ್ಲದೆ ದಾಟಿ ಹೋಗುತ್ತಿತ್ತು. ಸುತ್ತಲೂ ಜಾಲಿಮುಳ್ಳಿನ ಬೇಲಿ. ಬೇಲಿಯ ಪಕ್ಕದ ಕಿರುನೆರಳಲ್ಲಿ ತಲೆಗೆ ಸೆರಗು ಮುಚ್ಚಿಕೊಂಡು ಈರಕ್ಕ ಕುಳಿತಿದ್ದಳು. ಒಂದು ಮರಿ ಬೇಲಿಗೆ ಮೂತಿ ತೂರಿಸುತ್ತಿತ್ತು. "ರಾವೇ ಇಟ್ಲ, ಬಾ ಇತ್ತ, ನಿನ್ ನಾಲ್ಗೆ ಸುಟ್ಟೋಗ," ಎಂದು ಈರಕ್ಕ ಅದರ ಹಿಂಗಾಲು ಹಿಡಿದು ಎಳೆದುಕೊಂಡಳು. ಅವಳ ತವರು ಪಾವಗಡದ ಕಡೆ. ಕುರಿಗಳ ಜೊತೆ ಅರ್ಧ ತೆಲುಗೇ ಆಡುತ್ತಿದ್ದಳು.

"ಅಮ್ಮಾರು ಪುಳ್ಳೆಗ್ ಬಂದ್ರಾ, ಇಲ್ಲ ನಿಮ್ ಉಪ್ಪಿನ್ ಬೆಳೆ ನೋಡೋಕ್ ಬಂದ್ರಾ?"

"ಬಿಸಿಲಾಗೆ ಯಾಕ್ ಕೂತಿದೀಯ ಈರಕ್ಕ?"

"ಕೂತ್ಕಳ್ದೆ? ಉಳ್ದಿರೋ ಮರಿಗಳು ರುಚಿ ಕಂಡ್ಬುಟ್ಟವೆ. ಎಲ್ಲಿ ಬುಟ್ರೂ ಇತ್ತಾಗೇ ಓಡ್ತವೆ. ನಾಲ್ಗೆ ಕಣಮ್ಮ, ಅದ್ಕೆ ಸಾಯೋದು ಬದುಕೋದು ಏನ್ ಗೊತ್ತಾಯ್ತದೆ." ಮರಿಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಳು. "ಬೇರೆ ಮಂದೆಗಳ್ಗೂ ಇದೇ ದಾರಿ. ಮೊನ್ನೆ ರಾಯಚರ್ಲು ಕಡೆಯೋರು ಬಂದಿದ್ರು. ಬ್ಯಾಡ ತಿರುಗ್ಸಿ ಅಂದ್ರೆ, ನಿಮ್ಮಪ್ಪನ್ ಹೊಲವಾ ಅಂತ ತೆಲುಗ್ನಾಗೆ ಬೈದ್ರು. ನಾನೂ ತೆಲುಗ್ನಾಗೇ ಬೈದೆ. ಸಮ ಆಯ್ತು."

"ಬೇಲಿ ನೀನೇ ಹಾಕಿದ್ದಾ?"

"ಇನ್ಯಾರು? ಗಂಡ ಶಿರಾಕ್ಕೆ ಗಾರೆ ಕೆಲ್ಸಕ್ಕೋದ. ಕುರಿ ಇಲ್ದೋನು ಊರಾಗೆ ಮಖ ಹೆಂಗ್ ತೋರ್ಸಾನು."

"ನಮ್ಮ ಹೊಲಕ್ಕೆ ನೀನು..." ಎಂದು ರಾಜಲಕ್ಷ್ಮಮ್ಮ ತೊಡಗಿದಳು.

"ನಿಮ್ದಾ ಇದು?" ಈರಕ್ಕ ಮೊದಲ ಸಲ ತಲೆ ಎತ್ತಿ ನೋಡಿದಳು. "ಸಾವ್ಕಾರ ನಂದಲ್ಲ ಅಂತ ಓಡೋದ. ನಿಮ್ ಯಜಮಾನ್ರು ಸುರಿದೋರು ನಾವಲ್ಲ ಅಂದ್ರು. ಈಗ ಕೆಂಚಮ್ಮಾರ್ದು ಅಂತ ಸುದ್ದಿ. ಪಾಪ, ಆವಮ್ಮ ನಿನ್ನೆ ನನ್ ಕೈಲೇ ಹೇಳ್ತಿದ್ರು, ನಂಗೂ ಒಂದು ಹೊಲ ಆಯ್ತು ಕಣೇ ಈರಿ ಅಂತ. ಏನ್ ನಗು ಅಂತೀರಾ. ಯಾರ್ದಾದ್ರೂ ಆಗ್ಲಿ ಬುಡಿ. ಸತ್ತಿದ್ದು ಮಾತ್ರ ನಮ್ವು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಜಲಕ್ಷ್ಮಮ್ಮನಿಗೆ ತಲೆ ತಗ್ಗಿಸಿ ಹಿಂದಿರುಗುವುದು ಸುಲಭವಾಗುತ್ತಿತ್ತು. ಅವಳು ಬೇಲಿಯ ಸಂದಿಯಿಂದ ಒಳಗೆ ಹೋದಳು. "ಗುಂಡಿ ತಾವ ಓಗ್ಬ್ಯಾಡಿ," ಎಂದು ಈರಕ್ಕ ಕೂಗಿದಳು. ಹಿಮ್ಮಡಿಯ ಕೆಳಗೆ ನೆಲ ಹಪ್ಪಳದಂತೆ ಮುರಿಯಿತು. ಒಂದು ಕಲ್ಲಿನಿಂದ ಕೆರೆದು ನೋಡಿದಳು: ಮೇಲೆ ಬಿಳಿ, ಅದರ ಕೆಳಗೆ ಬೂದಿ, ಅದರ ಕೆಳಗೆ ಹಾವಸೆಯಂಥ ಹಸಿರು, ಇನ್ನೂ ಕೆರೆದರೂ ಅದೇ ಹಸಿರು. ಎಲ್ಲಿಯವರೆಗೆ ಇಳಿದಿದೆಯೋ. ತೊಟ್ಟಿಯ ಗುಂಡಿಯಲ್ಲಿ ಹಳೆಯ ಮಳೆನೀರು ನಿಂತು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಬೆಟ್ಟ ಅದರಲ್ಲಿ ತಲೆಕೆಳಗಾಗಿ ನಿಂತಿತ್ತು, ಕೋಟೆಯ ಗೋಡೆಯ ಸಮೇತ. ಅಷ್ಟು ಸ್ವಚ್ಛವಾದ ಬೆಟ್ಟವನ್ನು ಅವಳು ಮೇಲಿನ ಆಕಾಶದಲ್ಲೂ ಕಂಡಿರಲಿಲ್ಲ. ಒಂದು ನೊಣವೂ ಮುಟ್ಟದ ನೀರು. ಅವಳಿಗೆ ಕೈ ಮುಗಿಯಬೇಕೆನ್ನಿಸಿತು. ಯಾವುದಕ್ಕೆಂದು ತಿಳಿಯದೆ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

ಅಪ್ಪ ಈ ಹೊಲವನ್ನು ಬರೆದುಕೊಟ್ಟ ದಿನವೂ ಯಾರೋ ಗಟ್ಟಿಯಾಗಿ ಓದಿದ್ದರು, ನಿಧಿ ನಿಕ್ಷೇಪ ಜಲ ತರು ಎಂದು. ಹೊಸ ಸೀರೆಯ ಮಡಿಕೆಗಳನ್ನು ಎಣಿಸುತ್ತ ಕುಳಿತಿದ್ದ ಹುಡುಗಿಗೆ ಅದು ಮಂತ್ರದ ಹಾಗೆ ಕೇಳಿಸಿತ್ತು. ಪತ್ರದಲ್ಲಿ ಹೊಲದ ಉದ್ದ ಅಗಲ ಇದೆ, ನಾಲ್ಕು ಕಡೆಗೂ ಯಾರಿದ್ದಾರೆಂದು ಇದೆ. ಕೆಳಗೆ ಎಲ್ಲಿಯವರೆಗೆ ನಿನ್ನದು ಎಂದು ಯಾರೂ ಬರೆದಿಲ್ಲ. ಪಶ್ಚಿಮದಲ್ಲಿ ಅಡವಯ್ಯ ತಡೆಯುತ್ತಾನೆ, ಪೂರ್ವದಲ್ಲಿ ಹಳ್ಳ ತಡೆಯುತ್ತದೆ, ಕೆಳಗೆ ತಡೆಯುವವರಿಲ್ಲ. ಈ ಹಸಿರು ಎಷ್ಟು ಇಳಿದಿದೆಯೋ ಅಷ್ಟೂ ತನ್ನದು. ಅದರ ಕೆಳಗಿನ ಬಂಡೆ, ಬಂಡೆಯ ಕೆಳಗಿನ ಕತ್ತಲು, ಅದರ ಕೆಳಗೆ ಇನ್ನೂ ಏನಿದೆಯೋ, ಎಲ್ಲ. ಕುಂಕುಮದ ಭರಣಿಯನ್ನೂ ಗಂಡನನ್ನು ಕೇಳಿ ತರಿಸಿಕೊಳ್ಳುತ್ತಿದ್ದವಳಿಗೆ ಇಷ್ಟು ದೊಡ್ಡದೊಂದು ತನ್ನದಾಗಿ ಇದ್ದುದೇ ಗೊತ್ತಿರಲಿಲ್ಲ. ಕಾಲ ಕೆಳಗಿನ ಆ ಆಳ ಒಮ್ಮೆ ಅವಳ ಅಂಗಾಲನ್ನು ಎಳೆದಂತಾಗಿ ಅವಳು ಬೇಲಿಯ ಕಡೆಗೆ ತಿರುಗಿದಳು. ಈರಕ್ಕ ಅವಳನ್ನೇ ನೋಡುತ್ತಿದ್ದಳು, ಹಗ್ಗ ಹಿಡಿದು ಕುಳಿತವಳಂತೆ.

"ಕಾಲು ತೊಳ್ಕಳಿ ಮೊದ್ಲು," ಎಂದಳು ಈರಕ್ಕ, ತನ್ನ ಕುಡಿಯುವ ನೀರಿನ ಬುರುಡೆಯನ್ನು ಬಗ್ಗಿಸುತ್ತ. "ಮರಿ ಬಂದು ನಿಮ್ ಪಾದ ನೆಕ್ಕೀತು."

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಹುಣಸೆಹಣ್ಣು ತುಂಬುವ ಕೆಲಸ. ದೊಡ್ಡ ಗಡಿಗೆಗೆ ಒಂದು ಪದರ ಹಣ್ಣು, ಅದರ ಮೇಲೊಂದು ಹಿಡಿ ಕಲ್ಲುಪ್ಪು, ಮುಷ್ಟಿಯಿಂದ ಗುದ್ದಿ ಮತ್ತೆ ಒಂದು ಪದರ. ಪಕ್ಕದಲ್ಲಿ ಕೆಂಚಮ್ಮ ಟ್ರಂಕು ತೆರೆದು ಹಸಿರು ಅಂಚಿನ ಸೀರೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಸುಕ್ಕು ಬಿಡಿಸುತ್ತಿದ್ದಳು. ನುಸಿಗುಳಿಗೆಯ ವಾಸನೆ ಹುಣಸೆಯ ಹುಳಿಯ ಜೊತೆ ಬೆರೆಯಿತು.

"ಅಲ್ಲಿ ನನ್ ಹೆಸ್ರೂ ಕೂಗ್ತಾರಾ ರಾಜಿ? ನಿನ್ನ ಕೂಗಿದ್ರಂತಲ್ಲ, ಅಂಗೆ?"

"ಕೂಗ್ತಾರೆ ಅತ್ತಿಗೆ."

"ಕೆಂಚಮ್ಮ ಅಂತ?" ಅವಳು ಸೀರೆಯ ಮೇಲೆ ಕೈ ನಿಲ್ಲಿಸಿದಳು. "ಅಕ್ಕ ಅಂತಾರೆ, ಅತ್ತೆ ಅಂತಾರೆ. ಆಗದೋರು ಮುಂಡೆ ಅಂತಾರೆ. ಹೆಸ್ರು ಮಡಿಕ್ಕಂಡೇ ಮುದುಕಿ ಆದೆ. ಗಂಡನ ಮನೇಲಿ ಪಾಲು ಕೇಳಿದ್ದಕ್ಕೆ ನಾಯಿ ಬುಟ್ಟಿದ್ರು, ಗೊತ್ತಾ? ಈಗ ನೋಡು. ನಿಂಗೆ ಅರಿಶಿನ-ಕುಂಕುಮಕ್ಕೆ ಅಂತ ಬರ್ದಿದ್ರು. ನಂಗೆ ಅಂಗ್ ಬರಿಯಂಗಿಲ್ಲ. ಏನಂತ ಬರೀತಾರೆ?"

"ಪ್ರೀತಿಯಿಂದ ಅಂತ," ಎಂದಳು ರಾಜಲಕ್ಷ್ಮಮ್ಮ. ಕರಡಿನಲ್ಲಿ ಹಾಗೆಯೇ ಇತ್ತು. ಬೆರಳುಗಳ ಸಂದಿಯಲ್ಲಿ ಉಪ್ಪು ಉರಿಯಿತು.

"ಹುಣ್ಸೆ ಗಿಡ ಹಾಕ್ತೀನಿ ಅಲ್ಲಿ. ನಾಕು ಮಳೆ ಬಿದ್ರೆ ಆ ಬಿಳೀದೆಲ್ಲ ತೊಳ್ಕೊಂಡೋಯ್ತದೆ. ಹಣ್ಣು ನಾನ್ ತಿನ್ನಲ್ಲ ಬುಡು, ನಿನ್ ಮೊಮ್ಮಕ್ಳು ತಿಂತವೆ."

ರಾಜಲಕ್ಷ್ಮಮ್ಮ ಗಡಿಗೆಯೊಳಗೆ ಕೈ ಇಳಿಸಿ ಗುದ್ದಿದಳು. ಕೈ ಮೊಣಕೈಯವರೆಗೆ ಕತ್ತಲೊಳಗೆ ಹೋಯಿತು. ನಾಳೆ ಸಬ್‌ರಿಜಿಸ್ಟ್ರಾರ್ ಕಾಗದದಿಂದ ತಲೆ ಎತ್ತಿ ಕೇಳುತ್ತಾರೆ, ಎಲ್ಲರನ್ನೂ ಕೇಳುವಂತೆ: ಸ್ವಂತ ಇಚ್ಛೆಯಿಂದ ಬರೆದುಕೊಡುತ್ತಿದ್ದೀರೇನಮ್ಮ? ಗಂಡ ಅವಳ ಪರವಾಗಿ ಹೂಂ ಎನ್ನುವಂತಿಲ್ಲ, ವಕೀಲರು ವಾಯಿದೆ ಕೇಳುವಂತಿಲ್ಲ, ಆ ಒಂದು ಪ್ರಶ್ನೆಗೆ ಅವಳೇ ಉತ್ತರ ಕೊಡಬೇಕು. ಇಲ್ಲ ಎನ್ನುತ್ತಾಳೆ. ಹೊಲ ನನ್ನದು ಎನ್ನುತ್ತಾಳೆ. ಆಮೇಲೆ ಏನಾಗುತ್ತದೆಂದೂ ಅವಳಿಗೆ ಕಾಣುತ್ತಿತ್ತು: ಸಿದ್ದಗಂಗಯ್ಯನ ಕತ್ತು ಕೆಂಪಾಗುವುದು, ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂರುವುದು, ಬಾವಿಯ ಪಕ್ಕದ ತೋಟ ಮಾರಬೇಕಾಗುವುದು, ಗಾಡಿಗಟ್ಟಲೆ ಬಿಳಿ ಮಣ್ಣು, ಅದರ ಕೆಳಗಿನ ಹಸಿರು ಮಣ್ಣು, ಎಲ್ಲಿ ಕೆಂಪು ಕಾಣುತ್ತದೋ ಅಲ್ಲಿಯವರೆಗೆ. ಅದೆಲ್ಲಕ್ಕಿಂತ ಕಷ್ಟವಾದದ್ದು ಈ ಹಸಿರು ಅಂಚಿನ ಸೀರೆ. ಹೆಸರು ಕೂಗಿಸಿಕೊಳ್ಳಲು ಕಾದು ಕುಳಿತವಳನ್ನು ಕೂಗಿಸದೆ ವಾಪಸ್ಸು ಕರೆತರಬೇಕು. ಅವಳಿಗೆ ಏನು ಹೇಳಿದರೂ ತಿಳಿಯುವುದಿಲ್ಲ. ತಮ್ಮನ ಹೆಂಡತಿ ಹೊಟ್ಟೆಕಿಚ್ಚಿಗೆ ಕೊಟ್ಟು ಕಸಿದುಕೊಂಡಳು ಎಂದು ಸಾಯುವವರೆಗೂ ಅಂದುಕೊಳ್ಳುತ್ತಾಳೇನೋ. ಅಂದುಕೊಳ್ಳಲಿ. ಅದೂ ನೆಲದ ಜೊತೆಗೆ ಬಂದದ್ದು, ಅದನ್ನೂ ಬೇರೆ ಯಾರ ಹೆಸರಿಗೂ ಬರೆಯಲಾಗದು.

ಒಳಗೆ ಎದೆ ಹಗುರವಾಗಲಿಲ್ಲ. ಭಾರವೇ ಆಯಿತು, ಆದರೆ ತುಂಬಿದ ಗಡಿಗೆಯ ಭಾರದ ಹಾಗೆ, ಇಟ್ಟಲ್ಲಿ ನಿಲ್ಲುವಂಥದ್ದು. ಒಂದು ಹರಳು ಉಪ್ಪನ್ನು ನಾಲಗೆಯ ಮೇಲಿಟ್ಟುಕೊಂಡಳು. ಅದು ಕರಗುವವರೆಗೆ ಕಣ್ಣು ಮುಚ್ಚಿಕೊಂಡು, ಜವಾನ ಕೂಗಿದಂತೆಯೇ, ಆದರೆ ಗಂಡನ ಹೆಸರಿನ ಭಾಗವನ್ನು ಬಿಟ್ಟು, ತನ್ನ ಹೆಸರನ್ನಷ್ಟೇ ಮೆಲ್ಲಗೆ ಹೇಳಿ ನೋಡಿದಳು.

"ಏನಂದೆ?" ಎಂದಳು ಕೆಂಚಮ್ಮ.

"ಏನಿಲ್ಲ ಅತ್ತಿಗೆ. ಉಪ್ಪು ಸಾಕಾ ನೋಡಿ."

ಕೆಂಚಮ್ಮ ಸೀರೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಗಡಿಗೆಯ ಬಾಯಿಗೆ ಬಗ್ಗಿದಳು.